ಕಂಬಕ್ಕೆ ಹೇಳಿದ ಮಾತು

ಸಾವಿರದ ಒಂಬೈನೂರ ಎಪ್ಪತ್ಮೂರರಲ್ಲಿ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಎಂಟನೇ ತರಗತಿಯಲ್ಲಿ ಲೆಕ್ಕಕ್ಕೂ ಇಂಗ್ಲಿಷಿಗೂ ಫೇಲಾಗಿದ್ದೆ. ನನಗಿಂತ ಒಂದು ವರ್ಷ ಚಿಕ್ಕ ಹುಡುಗರ ಜೊತೆ ಅದೇ ಬೆಂಚಿನಲ್ಲಿ ಮತ್ತೊಂದು ವರ್ಷ ಕೂರುವುದಕ್ಕಿಂತ ಗಾರೆ ಹೊರುವುದು ಮೇಲು ಅನ್ನಿಸಿತು. ಅದು ಸೋಮಾರಿತನವಲ್ಲ, ಜಂಬ. ಆ ಜಂಬ ಇವತ್ತಿಗೂ ಪೂರ್ತಿ ಹೋಗಿಲ್ಲ. ಹದಿನಾಲ್ಕನೇ ವಯಸ್ಸಿಗೆ ಬಾಂಡ್ಲಿ ತಲೆ ಮೇಲೆ ಇಟ್ಟುಕೊಂಡವನು, ಹದಿನೆಂಟಕ್ಕೆ ಗಾರೆ ಬಳಿಯುವ ಕರಣೆ ಹಿಡಿದೆ, ಇಪ್ಪತ್ತೆರಡಕ್ಕೆ ಮೇಸ್ತ್ರಿ ಅನ್ನಿಸಿಕೊಂಡೆ. ನಾನು ಎತ್ತಿದ ಗೋಡೆಗೆ ದಾರ ಹಿಡಿದು ನೋಡಿ, ಕೂದಲೆಳೆ ವಾಲಿದ್ದರೆ ಕೆಡವಿ ಕಟ್ಟಿಕೊಡುತ್ತೇನೆ ಎಂದು ಈಗಲೂ ಪಂದ್ಯ ಕಟ್ಟಬಲ್ಲೆ.

ಈಗ ನನ್ನನ್ನು ಐತಿಹಾಸಿಕ ಕಾದಂಬರಿಕಾರರು ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಸಭೆಗಳಿಗೆ ಕರೆಯುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಹೋಗುತ್ತೇನೆ. ಸಭೆ ಮುಗಿದು ಕಾಫಿ ಕೊಡುವ ಹೊತ್ತಿಗೆ ಯಾರಾದರೂ ಪಕ್ಕಕ್ಕೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. ಆ ಸೇನಾಪತಿ, ಆ ಗೂಢಚಾರ, ಮುಖ್ಯವಾಗಿ ಆ ರಾಣಿ, ಇವರೆಲ್ಲ ನಿಮಗೆ ಯಾವ ಶಾಸನದಲ್ಲಿ ಸಿಕ್ಕರು? ಸೇನಾಪತಿ ಸಿಕ್ಕಿದ್ದು ನರಸೀಪುರದ ಬಸ್ಸಿನಲ್ಲಿ. ಐವತ್ತು ಜನರ ಬಸ್ಸಿಗೆ ತೊಂಬತ್ತು ಜನರನ್ನು, ಎರಡು ಆಡನ್ನು, ಒಂದು ಬಾಳೆಗೊನೆಯನ್ನು ಬರೀ ಗಂಟಲಿನಿಂದ ಜೋಡಿಸಿ ನಿಲ್ಲಿಸುತ್ತಿದ್ದ ಕಂಡಕ್ಟರು ಅವನು. ಗೂಢಚಾರ ನಮ್ಮೂರಿನ ಟೀ ಅಂಗಡಿಯವನು. ಲೋಟ ತೊಳೆಯುತ್ತ ತಲೆ ಎತ್ತದೆ ಇಡೀ ಊರಿನ ಸುದ್ದಿ ತಿಳಿದುಕೊಳ್ಳುತ್ತಿದ್ದ. ಶಾಸನದಲ್ಲಿ ಹೆಸರು ಸಿಗುತ್ತದೆ, ದಾನ ಕೊಟ್ಟ ಗದ್ದೆಯ ಎಲ್ಲೆ ಸಿಗುತ್ತದೆ. ಮನುಷ್ಯರು ಸಿಗುವುದಿಲ್ಲ. ರಾಣಿಯ ವಿಷಯ ಬಂದರೆ ಮಾತ್ರ ನಾನು ಕಾಫಿ ಲೋಟ ಕೆಳಗಿಟ್ಟು, ಅದು ಉದ್ದದ ಕತೆ ಎಂದು ತಪ್ಪಿಸಿಕೊಂಡುಬಿಡುತ್ತಿದ್ದೆ. ಆ ಉದ್ದದ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಹೊಳೆಗೆ ಎರಡು ಗದ್ದೆ ಈಚೆಗೆ ಇತ್ತು. ಸಣ್ಣ ತೊಟ್ಟಿಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಅದರ ನಾಲ್ಕು ಮೂಲೆಗೆ ನಾಲ್ಕು ಹಲಸಿನ ಕಂಬ. ಬೀದಿ ಕಡೆಗೆ ಪಡಸಾಲೆ, ಅದು ತಾತನ ಜಾಗ. ಅದರ ಎದುರಿಗೆ, ತೊಟ್ಟಿಯ ಆಚೆ, ಅಡುಗೆಮನೆ, ಅದು ಅವ್ವನ ಜಾಗ. ಎರಡರ ನಡುವೆ ಲೆಕ್ಕ ಹಾಕಿದರೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ಅವ್ವ ಸೊಸೆಯಾಗಿ ಬಂದ ದಿನದಿಂದ ದಾಟಿರಲಿಲ್ಲ. ತಾತ ಪಡಸಾಲೆಯಲ್ಲಿ ಇದ್ದಾಗ ಅವಳು ಅಲ್ಲಿಗೆ ಬರುತ್ತಿರಲಿಲ್ಲ, ಅವರು ಒಳಗೆ ಬಂದರೆ ಅವಳು ಬಾಗಿಲ ಮರೆಗೆ ಸರಿಯುತ್ತಿದ್ದಳು. ಮಾವನ ಎದುರು ಸೊಸೆ ಕೂರುವಂತಿಲ್ಲ, ಮುಖ ಕೊಟ್ಟು ಮಾತಾಡುವಂತಿಲ್ಲ. ಮಾವನೂ ಸೊಸೆಯನ್ನು ನೇರವಾಗಿ ಮಾತಾಡಿಸುವಂತಿಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಇದ್ದದ್ದೇ. ತಾತ ಊರಿನ ಯಜಮಾನರಾಗಿದ್ದರಿಂದ, ನ್ಯಾಯ ಹೇಳುವವರ ಮನೆಯಲ್ಲಿ ಒಂದು ಗುಲಗಂಜಿ ಹೆಚ್ಚೇ ಇತ್ತು. ಅಜ್ಜಿ ಇರುವವರೆಗೂ, ಅಪ್ಪ ಇರುವವರೆಗೂ, ಮಾತು ಅವರ ಮೂಲಕ ಹೋಗಿಬರುತ್ತಿತ್ತು. ಅಜ್ಜಿ ಮೊದಲು ಹೋದಳು. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹೋದರು. ತಂಗಿ ನಾಗು ಆಗ ಇನ್ನೂ ಎದೆಹಾಲು ಕುಡಿಯುತ್ತಿದ್ದಳು.

ಅಪ್ಪನ ತಿಥಿಯೆಲ್ಲ ಮುಗಿದ ದಿನ, ನೆಂಟರು ಬಂಡಿ ಹತ್ತಿ ಹೋದ ಮೇಲೆ, ತಾತ ನನ್ನನ್ನು ಪಡಸಾಲೆಗೆ ಕರೆದು ತೊಡೆಯ ಮೇಲೆ ಕೂರಿಸಿಕೊಂಡರು. ಅವರು ಹಾಗೆ ಕೂರಿಸಿಕೊಂಡದ್ದು ಅದೊಂದೇ ಸಲ.

"ನಿಮ್ಮವ್ವಂಗೆ ಓಗಿ ಯೋಳು ಮಗ. ತೌರಿಗೆ ಓಗ್ಬೇಕು ಅಂದ್ರೆ ಗಾಡಿ ಕಟ್ಟುಸ್ತೀನಿ. ಇಲ್ಲೇ ಇರ್ತೀನಿ ಅಂದ್ರೆ ಈ ಮನೆ ಅವಳ್ದು. ನಾನು ಇರೋಗಂಟ ಅವಳ ಒಲೆ ಆರಕ್ಕೆ ಬುಡಕಿಲ್ಲ ಅಂತ ಯೋಳು."

ನಾನು ಹತ್ತು ಹೆಜ್ಜೆ ನಡೆದುಹೋಗಿ, ಗಾಡಿ ಎಂಬಲ್ಲಿಂದ ಒಲೆ ಎಂಬಲ್ಲಿವರೆಗೆ ಒಂದು ಅಕ್ಷರ ಬಿಡದೆ ಹೇಳಿದೆ. ಅವ್ವ ಬಾಗಿಲ ಹಿಂದೆಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೂ ನಾನು ಹೇಳಿ ಮುಗಿಸುವವರೆಗೆ ಮೊದಲ ಸಲ ಕೇಳುವವಳ ಹಾಗೆ ಕೇಳಿದಳು. ಆಮೇಲೆ ಅಂದಳು:

"ಇಲ್ಲೇ ಇರ್ತಾಳಂತೆ ಅನ್ನು."

ನಾನು ಮತ್ತೆ ಹತ್ತು ಹೆಜ್ಜೆ ಬಂದು ಅದನ್ನು ಹೇಳಿದೆ. ತಾತ ತಲೆದೂಗಿ ಎಲೆ ಅಡಿಕೆ ಚೀಲ ಬಿಚ್ಚಿದರು. ಆವತ್ತಿನಿಂದ ನನಗೆ ಆ ಮನೆಯಲ್ಲಿ ಒಂದು ಕೆಲಸ ಸಿಕ್ಕಿತು. ಬಿಸಿನೀರು ಕಾದಿದೆ, ಊಟ ಆಗಿದೆ, ಎಮ್ಮೆ ಗಬ್ಬ ನಿಂತಿದೆ, ರಾಗಿ ಹಿಟ್ಟು ಇನ್ನು ಎರಡು ದಿನಕ್ಕೆ ಬರುತ್ತದೆ, ಎಲ್ಲ ಸುದ್ದಿಯೂ ನನ್ನ ಬಾಯಲ್ಲೇ ದಾಟಬೇಕು. ಇಬ್ಬರಿಗೂ ಇನ್ನೊಬ್ಬರ ಮಾತು ಕಿವಿಗೆ ಬಿದ್ದೇ ಇರುತ್ತಿತ್ತು. ಆದರೂ ನಾನು ಹೇಳಿದ ಮೇಲೆಯೇ ಅದು ಹೇಳಿದ ಹಾಗೆ. ದೊರೆಗಳ ಸಭೆಯಲ್ಲಿ ಓಲೆ ಹಿಡಿದು ನಿಲ್ಲುವವನಿಗೆ ಎಷ್ಟು ಬಿಗುಮಾನ ಇರಬಹುದು ಎಂದು ಆಮೇಲೆ ಬರೆಯುವಾಗ ನಾನು ಯಾವ ಪುಸ್ತಕವನ್ನೂ ತೆಗೆದು ನೋಡಬೇಕಾಗಲಿಲ್ಲ. ನಾನೇ ಐದು ವರ್ಷ ಆ ಕೆಲಸ ಮಾಡಿದ್ದೆ. ಮಾತಿಗೆ ಒಂದು ಉಪ್ಪಿನ ಕಲ್ಲನ್ನೂ ಸೇರಿಸಿರಲಿಲ್ಲ, ತೆಗೆದಿರಲಿಲ್ಲ.

ಎಪ್ಪತ್ಮೂರರ ಆ ಬೇಸಿಗೆಯಲ್ಲಿ ರಿಸಲ್ಟ್ ನೋಡಿಕೊಂಡು ಬಂದ ದಿನ ಅವ್ವ ಬಯ್ಯಲಿಲ್ಲ. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ತೊಳಸುವುದು ನಿಲ್ಲಿಸದೆಯೇ ಅಂದಳು:

"ಒಂದ್ ಸಾರಿ ಫೇಲಾದ್ರೆ ಏನಾಯ್ತು? ಬಿತ್ತಿದ್ದೆಲ್ಲ ಒಂದೇ ಮಳೆಗೆ ಉಟ್ತದಾ? ಓಗು, ತಾತಂಗೆ ಯೋಳು. ಇನ್ನೊಂದ್ ವರ್ಸ ಸ್ಕೂಲಿಗೆ ಕಳುಸ್ಬೇಕಂತೆ, ಅವ್ವ ಬೇಡ್ಕತಾವ್ಳೆ ಅಂತ ಯೋಳು."

ಬೇಡಿಕೊಳ್ಳುತ್ತಾಳೆ ಎಂಬ ಮಾತನ್ನು ಅವಳು ಅದಕ್ಕೆ ಮುಂಚೆ ಎಂದೂ ಬಳಸಿರಲಿಲ್ಲ. ನಾನು ತೊಟ್ಟಿ ದಾಟುತ್ತಿದ್ದೆ. ಆ ಹತ್ತು ಹೆಜ್ಜೆಯಲ್ಲಿ ನನಗೆ ಕಂಡದ್ದು ಆ ಬೆಂಚು, ಅದರ ಮೇಲೆ ಕೂತ ಆ ಚಿಕ್ಕ ಹುಡುಗರು, ಅವರ ನಗು. ಪಡಸಾಲೆಯಲ್ಲಿ ತಾತ ಹಗ್ಗ ಹೊಸೆಯುತ್ತ ಕೂತಿದ್ದರು. ನಾನು ಹೋಗಿ ನಿಂತು ಗಟ್ಟಿಯಾಗಿ ಹೇಳಿದೆ:

"ತಾತ, ಅವ್ವ ಯೋಳ್ತಾವ್ಳೆ. ಓದಿದ್ದು ಸಾಕಂತೆ. ಗಾರೆ ಕೆಲ್ಸಕ್ಕೆ ಕಳುಸ್ಬೇಕಂತೆ."

ತಾತನ ಕೈಯಲ್ಲಿ ಹಗ್ಗ ನಿಂತಿತು.

"ಅಂಗಂದ್ಲಾ ನಿಮ್ಮವ್ವ?"

"ಊಂ."

ಅವರು ಅಡುಗೆಮನೆಯ ಬಾಗಿಲ ಕಡೆಗೆ ಒಂದು ಗಳಿಗೆ ನೋಡಿದರು. ಅಲ್ಲಿಂದ ಯಾವ ಸದ್ದೂ ಬರಲಿಲ್ಲ. ಕೋಲಿನಲ್ಲಿ ಮುದ್ದೆ ತೊಳಸುವ ಸದ್ದೂ ನಿಂತಿತ್ತು. ಅವ್ವ ಬಾಗಿಲ ಹಿಂದೆ ನಿಂತು ನನ್ನ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ಇಲ್ಲ ಮಾವ, ನಾನು ಹಾಗೆ ಹೇಳಲಿಲ್ಲ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅವಳಿಗೆ ಆ ಬಾಯಿ ಇರಲಿಲ್ಲ. ಅವಳ ಬಾಯಿ ನಾನೇ ಆಗಿದ್ದೆ. ನಾನು ಅದನ್ನು ಬಲ್ಲೆ, ಬಲ್ಲದ್ದರಿಂದಲೇ ಹಾಗೆ ಮಾಡಿದೆ.

"ಎತ್ತವ್ಳೇ ಯೋಳಿದ್ ಮೇಲೆ ನಂದೇನು. ಸೋಮವಾರದಿಂದ ಓಗು," ಅಂದರು ತಾತ.

ಆವತ್ತು ರಾತ್ರಿ ಅವ್ವ ನನಗೆ ಎಂದಿನಂತೆ ಬಡಿಸಿದಳು, ಸಾರಿನಲ್ಲಿದ್ದ ಕಾಳನ್ನೂ ಕೆದಕಿ ಹಾಕಿದಳು. ಮಾರನೇ ಬೆಳಿಗ್ಗೆ ನೀರು ಕಾದಾಗ ನಾನು ಅಭ್ಯಾಸದಂತೆ ಬಾಗಿಲಿಗೆ ಹೋಗಿ ನಿಂತೆ. ಅವ್ವ ನನ್ನ ಪಕ್ಕದಿಂದ ಹಾದು ಅಡುಗೆಮನೆಯ ಮುಂದಿನ ಕಂಬದ ಹತ್ತಿರ ಹೋದಳು. ಅದರ ಮೇಲೆ ಅಂಗೈ ಊರಿ, ಸೆರಗು ಮುಂದೆಳೆದುಕೊಂಡು, ಕಂಬಕ್ಕೆ ಹೇಳಿದಳು:

"ನೀರು ಕಾದದೆ."

ಪಡಸಾಲೆಯಲ್ಲಿ ತಾತ ಬೆಚ್ಚಿ ತಲೆ ಎತ್ತಿದರು. ನನ್ನ ಮುಖ ನೋಡಿದರು, ಕಂಬ ನೋಡಿದರು. ಏನು ತಿಳಿಯಿತೋ ಬಿಟ್ಟಿತೋ, ಪಂಚೆ ಕೊಡವಿಕೊಂಡು ಬಚ್ಚಲಿಗೆ ಹೋದರು. ಹೀಗೆ ನನ್ನ ಕೆಲಸ ಹೋಯಿತು, ಅದು ಕಂಬದ ಪಾಲಾಯಿತು. ಎದುರುಮನೆಯ ಅಕ್ಕಮ್ಮ ಒಂದು ದಿನ ಸೊಪ್ಪು ಕೇಳಿಕೊಂಡು ಬಂದವಳು ಇದನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಇದೇನೇ, ಮನೇಲಿ ಗೂಳಿಯಂಗಿರೋ ಮಗನ್ನ ಮಡಿಕೊಂಡು ಮರಕ್ಕೆ ಯೋಳ್ತಿಯಲ್ಲ!"

"ಮರ ಇದ್ದಿದ್ದ ಇದ್ದಂಗೆ ಯೋಳ್ತದೆ ಕಣಕ್ಕ," ಅಂದಳು ಅವ್ವ.

ನಾನು ಬಾಂಡ್ಲಿ ಎತ್ತಿಕೊಂಡು ಹೊರಗೆ ಹೋದೆ. ಅವಳು ನನ್ನ ಮೇಲೆ ಮಾಡಿದ ದೂರು ಅದೊಂದೇ.

ಕಂಬದ ಆಡಳಿತಕ್ಕೆ ಅದರದೇ ಕಟ್ಟಳೆ ಬೆಳೆಯಿತು. ಹುಡುಗನ ಬಾಯಲ್ಲಿ ಹೋದ ಮಾತಿಗೆ ಉತ್ತರ ಕೊಡಲೇಬೇಕಿತ್ತು. ಕಂಬಕ್ಕೆ ಹೇಳಿದ್ದನ್ನು ತಾತ ಬೇಕಾದರೆ ಕೇಳಿಸಿಕೊಳ್ಳುತ್ತಿದ್ದರು, ಬೇಡದಿದ್ದರೆ ಇಲ್ಲ. ಊಟ ಆಗಿದೆ ಎಂದರೆ ಒಂದೇ ಸಲಕ್ಕೆ ಕೇಳಿಸುತ್ತಿತ್ತು. ಹಿತ್ತಲ ಗೋಡೆ ಬಿದ್ದಿದೆ ಎಂದರೆ ನಾಲ್ಕು ಸಲ ಹೇಳಬೇಕಿತ್ತು. ಆದರೆ ಊಟದ ಮಾತು ಮಾತ್ರ ಕಂಬದಿಂದಲೇ ಬರಬೇಕು. ಒಳಗೆ ಬಡಿಸುವವಳು ಸಿದ್ಧವಿದ್ದಾಳೆ ಎಂಬ ಕರೆ ಬಾರದೆ ಯಜಮಾನ ಎನಿಸಿಕೊಂಡವನು ಎದ್ದುಹೋಗಿ ಎಲೆ ಮುಂದೆ ಕೂತರೆ ಅದು ಹೊಟ್ಟೆಬಾಕತನ. ತಾತ ಊಟ ಮಾಡಿ ಕೈತೊಳೆದ ಮೇಲೆ ನಾವು, ನಮ್ಮದು ಆದ ಮೇಲೆ ಅವ್ವ. ಅವಳು ಒಳಗಿನ ಕತ್ತಲಲ್ಲಿ ಒಲೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಅವ್ವ ಉಣ್ಣುವುದನ್ನು ನಾನು ಕಣ್ಣಾರೆ ನೋಡಿದ್ದು ಕಡಿಮೆ.

ಎಪ್ಪತ್ತೊಂಬತ್ತರಲ್ಲಿ ನಾಗು ಏಳನೇ ತರಗತಿ ಪಾಸು ಮಾಡಿದಳು. ಊರಿನ ಶಾಲೆಗೇ ಮೊದಲನೆಯವಳು. ಮುಂದೆ ಓದಬೇಕಾದರೆ ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಬೇಕು. ಜೂನ್ ತಿಂಗಳ ಒಂದು ಶುಕ್ರವಾರ ಸೇರಿಸಿಕೊಳ್ಳುವ ಕೊನೇ ದಿನ ಎಂದು ಅವಳ ಮೇಷ್ಟ್ರು ಮನೆಗೇ ಬಂದು ಅರ್ಜಿ ಕೊಟ್ಟುಹೋದರು. ಅರ್ಜಿಗೆ ಮನೆಯ ಹಿರಿಯರ ರುಜು ಬೇಕು. ತಾತ ಅರ್ಜಿಯನ್ನು ಎರಡು ಸಲ ಮಡಿಸಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಚಿಕ್ಕಯ್ಯನಛತ್ರದಲ್ಲಿದ್ದ ನಮ್ಮ ಸೋದರತ್ತೆಗೆ ಒಬ್ಬ ಮಗನಿದ್ದ. ನಾಗು ದೊಡ್ಡವಳಾದ ಮೇಲೆ ಅವನಿಗೇ ಎಂದು ತಾತ ಮನಸ್ಸಿನಲ್ಲಿ ಮಾತು ಇಟ್ಟುಬಿಟ್ಟಿದ್ದರು. ಅಷ್ಟರಲ್ಲಿ ಮನೆಕೆಲಸ ಕಲಿಯಲಿ, ಅತ್ತೆಗೂ ಒಗ್ಗಿಕೊಳ್ಳಲಿ ಎಂದು ಅವಳನ್ನು ಹದಿನೈದು ದಿನಕ್ಕೆ ಅಲ್ಲಿಗೆ ಕಳಿಸಿದರು. ನಾಗು ಬಸ್ಸು ಹತ್ತುವಾಗ ಹಳೇ ಪುಸ್ತಕದ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದಳು. ಬೇಡವೆಂದರೂ ಇಳಿಸಲಿಲ್ಲ.

ಅದೇ ವಾರ ನಾನು ಹದಿನಾರು ಎಂಬ ಊರಿನಲ್ಲಿ ಒಂದು ಮನೆಯ ಕೆಲಸದಲ್ಲಿದ್ದೆ. ಸುಣ್ಣ ಅರಳಿಸುವ ಗುಂಡಿಯ ಅಂಚು ಕುಸಿದು ಎಡಗಾಲು ಪಾದದವರೆಗೂ ಕುದಿಯುವ ಸುಣ್ಣದೊಳಗೆ ಹೋಯಿತು. ಕೊಬ್ಬರಿ ಎಣ್ಣೆ ಬಳಿದುಕೊಂಡು ಮನೆಗೆ ಬಂದು ಬಿದ್ದುಕೊಂಡೆ. ಹೀಗಾಗಿ ಆ ವಾರ ಮನೆಯಲ್ಲಿ ಇದ್ದವರು ಮೂವರೇ. ಪಡಸಾಲೆಯಲ್ಲಿ ತಾತ, ಅಡುಗೆಮನೆಯಲ್ಲಿ ಅವ್ವ, ನಡುವೆ ತೊಟ್ಟಿಯ ಅಂಚಿನಲ್ಲಿ ಕಾಲು ಚಾಚಿಕೊಂಡು ನಾನು. ಸೋಮವಾರ ಬೆಳಿಗ್ಗೆ ಅವ್ವ ಕಂಬದ ಹತ್ತಿರ ಬಂದಳು.

"ಕೂಸು ಓದ್ಬೇಕು. ಅರ್ಜಿಗೆ ರುಜು ಆಗ್ಬೇಕು."

ತಾತ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ಎಲೆಗೆ ಬಳಿಯುತ್ತಿದ್ದರು. ಕೇಳಿಸಲಿಲ್ಲ. ಮಧ್ಯಾಹ್ನ ಅವ್ವ ಮತ್ತೆ ಹೇಳಿದಳು. ಕೇಳಿಸಲಿಲ್ಲ. ಸಂಜೆ ಹೇಳಿದಳು. ತಾತ ಬೀದಿಯಲ್ಲಿ ಹೋಗುವವರನ್ನು ಕರೆದು ಮಳೆಯ ವಿಚಾರ ಮಾತಾಡಿದರು.

ಮಂಗಳವಾರ ಅವ್ವ ಕಂಬದ ಹತ್ತಿರ ಬರಲಿಲ್ಲ. ನಾಲ್ಕು ಗಂಟೆಗೆ ಎದ್ದಳು, ಸಗಣಿ ಬಾಚಿದಳು, ಎಮ್ಮೆ ಕರೆದಳು, ಹಂಡೆಗೆ ಬೆಂಕಿ ಹಾಕಿದಳು. ಮುದ್ದೆ ಕಟ್ಟಿ, ಹುರುಳಿ ಬಸ್ಸಾರು ಮಾಡಿ, ತಾತ ಉಣ್ಣುವ ಕಂಚಿನ ಗಂಗಳವನ್ನು ತೊಳೆದು ಇಟ್ಟಳು, ಪಕ್ಕದಲ್ಲಿ ನೀರಿನ ಚೊಂಬು ಇಟ್ಟಳು. ಯಾವ ಕೆಲಸವನ್ನೂ ಬಿಡಲಿಲ್ಲ. ಹೇಳುವುದೊಂದನ್ನು ಬಿಟ್ಟಳು. ಸಾರಿನ ವಾಸನೆ ತೊಟ್ಟಿಯನ್ನೆಲ್ಲ ತುಂಬಿ ಪಡಸಾಲೆಗೂ ಹೋಯಿತು. ತಾತ ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಕಂಬದ ಕಡೆ ನೋಡಿದರು. ಹೊತ್ತು ನೆತ್ತಿ ದಾಟಿ ತೊಟ್ಟಿಯ ಬಿಸಿಲು ಓರೆಯಾಯಿತು. ಅವ್ವ ನನಗೆ ಮಾತ್ರ, ಕಾಲು ಸುಟ್ಟವನು ಎಂಬ ರಿಯಾಯಿತಿಯಲ್ಲಿ, ಕೂತಲ್ಲಿಗೇ ಮುದ್ದೆ ತಂದುಕೊಟ್ಟಳು. ನಾನು ತಾತನನ್ನು ಕರೆಯಲು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. ಆರು ವರ್ಷದ ಹಿಂದೆ ಬಾಗಿಲ ಹಿಂದೆ ನಿಂತವಳ ಮುಖ ನನಗೆ ಕಂಡಿರಲಿಲ್ಲ, ಅದು ಹೀಗಿತ್ತೇನೋ. ಬಾಯಿ ಮುಚ್ಚಿಕೊಂಡು ಮುದ್ದೆ ಮುರಿದೆ.

ತಾತ ಎದ್ದು ಬಾಗಿಲ ಮೇಲೆ ತೂಗುಹಾಕಿದ್ದ ಗೊನೆಯಿಂದ ನಾಲ್ಕು ರಸಬಾಳೆ ಕಿತ್ತು ತಿಂದು ನೀರು ಕುಡಿದರು. ಟೀ ಅಂಗಡಿಗೆ ಹೋಗಿ ಬನ್ನು ತಿನ್ನಬಹುದಿತ್ತು. ಆದರೆ ಮನೆಯಲ್ಲಿ ಸೊಸೆ ಇರುವ ಯಜಮಾನ ಅಂಗಡಿಯಲ್ಲಿ ಬನ್ನು ತಿಂದ ಎಂಬ ಸುದ್ದಿ ಸಂಜೆಯೊಳಗೆ ನಂಜನಗೂಡು ಮುಟ್ಟುತ್ತಿತ್ತು. ರಾತ್ರಿಯೂ ಬಾಳೆಹಣ್ಣು. ಬುಧವಾರ ಮಧ್ಯಾಹ್ನ ಅವರು ಬಗ್ಗಿ ನನ್ನನ್ನು ಕೇಳಿದರು:

"ಏನ್ಲಾ, ಊಟಗೀಟ ಆಯ್ತಾ ಈ ಮನೇಲಿ?"

ಆರು ವರ್ಷದ ಮೇಲೆ ಮೊದಲ ಸಲ ಆ ಮನೆಯ ಮಾತು ದಾಟಿಸುವ ಅಧಿಕಾರ ಮತ್ತೆ ನನ್ನ ಕೈಗೆ ಬಂದಿತ್ತು. ಆಗಿದೆ ಬನ್ನಿ ತಾತ ಎಂದರೆ ಸಾಕು, ಎಲ್ಲ ಮುಗಿಯುತ್ತಿತ್ತು. ನಾಗುವಿನ ಶುಕ್ರವಾರವೂ ಮುಗಿಯುತ್ತಿತ್ತು.

"ನಂಗೇನ್ ಗೊತ್ತು ತಾತ. ನನ್ ಕೆಲ್ಸ ಓಗಿ ಆರ್ ವರ್ಸ ಆಯ್ತು. ಕಂಬನ ಕೇಳಿ."

ಅವರು ಹೊಡೆಯುತ್ತಾರೆ ಅಂದುಕೊಂಡೆ. ಬದಲಿಗೆ ನಿಜವಾಗಿಯೂ ಕಂಬದ ಕಡೆ ತಿರುಗಿ ಗದರಿದರು:

"ಏನ್ ಕಂಬ ಇದು! ಮನೆಗೆ ಊರ್ಕೊಂಡ್ ನಿಂತದೋ, ಮನೇನೇ ಬೀಳುಸ್ತದೋ!"

ಕಂಬ ಸುಮ್ಮನಿತ್ತು. ಒಳಗಿನಿಂದ ಒಲೆಯ ಸೌದೆ ಚಟಪಟ ಅಂದದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಾತ ಪಡಸಾಲೆಗೆ ಹೋಗಿ ಗೋಡೆಗೆ ಒರಗಿ ಕೂತರು. ಗೊನೆಯಲ್ಲಿ ಇನ್ನೂ ಹಣ್ಣಿದ್ದವು, ಕೀಳಲಿಲ್ಲ. ಅಡುಗೆಮನೆ ಕಡೆಗೆ ಕಿವಿಗೊಟ್ಟವರಂತೆ ಕತ್ತು ಓರೆ ಮಾಡಿಕೊಂಡು ಸಂಜೆಯವರೆಗೂ ಹಾಗೇ ಕೂತಿದ್ದರು. ಹಸಿವಿಗೆ ಮಂಕು ಹಿಡಿದಿದೆ ಅಂದುಕೊಂಡೆ.

ಗುರುವಾರ ಮಧ್ಯಾಹ್ನ ತಾತ ಎದ್ದು ಬಂದರು. ತೊಟ್ಟಿ ದಾಟಿದರು. ಹತ್ತೂ ಹೆಜ್ಜೆ ಬಂದು ಅಡುಗೆಮನೆಯ ಬಾಗಿಲಿಗೆ ನಾಲ್ಕು ಅಡಿ ಈಚೆ, ಕಂಬದ ಪಕ್ಕದಲ್ಲಿ ನಿಂತರು. ಕಂಬವನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ಬಾಗಿಲೊಳಗಿನ ಕತ್ತಲಿಗೆ ನೇರವಾಗಿ ಹೇಳಿದರು:

"ಏನವ್ವ ಬೇಕು ನಿಂಗೆ? ಬಾಯ್ಬುಟ್ಟು ಯೋಳ್ಬುಡವ್ವ ತಾಯಿ."

ಇಪ್ಪತ್ತೆರಡು ವರ್ಷದಲ್ಲಿ ಅವರು ಸೊಸೆಗೆ ಹೇಳಿದ ಮೊದಲ ಮಾತು ಅದು. ಒಳಗಿನಿಂದ ಅವ್ವ ಬಂದಳು. ಸೆರಗು ಹಣೆಯವರೆಗೆ ಇತ್ತು. ತಾತ ಕಟ್ಟಳೆ ಮುರಿದಿದ್ದರೂ ಅವಳು ಮುರಿಯಲಿಲ್ಲ. ಅವರ ಕಡೆಗೆ ಪಕ್ಕೆ ಕೊಟ್ಟು ನಿಂತು, ಕಂಬಕ್ಕೆ ಅಂಗೈ ಊರಿ, ಕಂಬಕ್ಕೇ ಹೇಳಿದಳು:

"ಕೂಸು ಓದ್ಬೇಕು."

ತಾತ ಸೊಂಟದ ಚೀಲ ಬಿಚ್ಚಿ ಮಡಿಸಿದ್ದ ಅರ್ಜಿ ತೆಗೆದರು. ಅಡಿಕೆ ಕರೆ ಹತ್ತಿತ್ತು. ನನ್ನ ಹತ್ತಿರ ಪೆನ್ನು ಇಸಿದುಕೊಂಡು, ಕಂಬಕ್ಕೇ ಕಾಗದ ಒತ್ತಿ ಹಿಡಿದು, ದೊಡ್ಡ ದೊಡ್ಡ ಅಕ್ಷರದಲ್ಲಿ ರುಜು ಮಾಡಿದರು. ಅವ್ವ ಅಕ್ಷರ ಒಣಗುವವರೆಗೂ ನೋಡಿದಳು. ಆಮೇಲೆ ಹೇಳಿದಳು:

"ಊಟ ಆಗದೆ."

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಾತನೇ ಹೋಗಿ ನಾಗುವನ್ನು ಕರೆತಂದು ನರಸೀಪುರಕ್ಕೆ ಸೇರಿಸಿಬಂದರು. ಅವಳ ಪುಸ್ತಕದ ಚೀಲ ಅವರ ಹೆಗಲಿನಲ್ಲಿತ್ತು ಎಂದು ಕಂಡಕ್ಟರು ಹೇಳಿ ನಕ್ಕ. ಸೋದರತ್ತೆ ಎರಡು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ. ತಾತ ಇನ್ನೂ ಮೂರು ವರ್ಷ ಬದುಕಿದ್ದರು. ಆಮೇಲೆ ಮತ್ತೆ ಅವ್ವನನ್ನು ನೇರವಾಗಿ ಮಾತಾಡಿಸಲಿಲ್ಲ.

ನಾನು ಬರೆಯಲು ಶುರು ಮಾಡಿದ್ದು ಎಂಬತ್ತನಾಲ್ಕರಲ್ಲಿ. ಹಳೇ ಮಂಟಪಗಳ ಗಾರೆ ಕಿತ್ತು ಹೊಸದು ತುಂಬುವ ಕೆಲಸ ಸಿಗುತ್ತಿತ್ತು. ಕಲ್ಲಿನ ಮೇಲೆ ಕೈಯಾಡಿಸುತ್ತ, ಇದನ್ನು ಕೂರಿಸಿದವನು ಮಧ್ಯಾಹ್ನ ಏನು ಉಂಡಿದ್ದ ಎಂದು ಯೋಚನೆ ಬರುತ್ತಿತ್ತು. ಹೊಳೆಯ ದಡದ ಒಂದು ಪುಟ್ಟ ಕೋಟೆ, ಮುದಿ ಪಾಳೇಗಾರ, ಅವನ ವಿಧವೆ ಸೊಸೆ, ಪಕ್ಕದ ದೊರೆಯ ಜೊತೆ ರಾಜಿಗಾಗಿ ಮೊಮ್ಮಗಳನ್ನು ಕೊಡಲು ಹೊರಟ ಮುದುಕ. ಹೀಗೆ ಒಂದು ಕತೆ ಕಟ್ಟಿ ನೋಟ್‌ಬುಕ್ಕುಗಳಲ್ಲಿ ಇನ್ನೂರು ಪುಟ ಬರೆದೆ. ಸೊಸೆ ರಾಣಿ ಸಭೆಯ ನಡುವೆ ಕತ್ತಿ ಹಿಡಿದು ನಿಂತು ನಾಲ್ಕು ಪುಟ ಭಾಷಣ ಮಾಡುತ್ತಿದ್ದಳು. ನಂಜನಗೂಡಿನಲ್ಲಿ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಮನೆಯ ಕಾಂಪೌಂಡು ಕಟ್ಟುತ್ತಿದ್ದೆ. ಅವರಿಗೆ ಓದಲು ಕೊಟ್ಟೆ. ಮೂರನೇ ದಿನ ನಾನು ಏಣಿಯ ಮೇಲಿದ್ದಾಗ ಅವರು ನೋಟ್‌ಬುಕ್ಕು ಹಿಡಿದು ಕೆಳಗೆ ಬಂದು ನಿಂತರು.

"ಮೇಸ್ತ್ರಿ, ನಿಮ್ಮ ರಾಣಿ ಊಟ ಮಾಡ್ತಾಳೇನಯ್ಯ?"

"ಅಂದ್ರೆ ಸಾ?"

"ಇನ್ನೂರು ಪುಟದಲ್ಲಿ ಒಂದು ತುತ್ತು ತಿಂದಿಲ್ಲ. ಯಾರು ಬಡಿಸ್ತಾರೆ ಅವಳಿಗೆ? ಮಾವ ಬಂದ್ರೆ ಎಲ್ಲಿ ನಿಲ್ತಾಳೆ? ಕೋಟೆ ಗೋಡೆ ಚೆನ್ನಾಗಿ ಕಟ್ಟಿದೀರಿ, ಅದು ನಿಮ್ಮ ಕಸುಬು. ಒಳಗೆ ಇರೋದು ಗೊಂಬೆ."

ನನಗೆ ಕೆಟ್ಟ ಕೋಪ ಬಂತು. ಗಾರೆ ಒಣಗುತ್ತೆ ಸಾ ಎಂದು ಹೇಳಿ ಬೆನ್ನು ತಿರುಗಿಸಿ ಕೆಲಸ ಮುಂದುವರಿಸಿದೆ. ಮಾವ ಬಂದರೆ ಎಲ್ಲಿ ನಿಲ್ಲುತ್ತಾಳೆ ಎಂಬ ಮಾತು ಮಾತ್ರ ತಲೆಯಿಂದ ಇಳಿಯಲಿಲ್ಲ. ಸಂಜೆ ನಮ್ಮ ಮನೆಗೆ ಬಂದು ಕೈಕಾಲು ತೊಳೆಯಲು ಒಳಗೆ ಹೋದಾಗ ಅವ್ವನ ಕಂಬ ಕಣ್ಣಿಗೆ ಬಿತ್ತು. ಎದೆಮಟ್ಟದಲ್ಲಿ ಒಂದು ಅಂಗೈ ಅಗಲದಷ್ಟು ಜಾಗ, ಎಣ್ಣೆ ಕುಡಿದ ಹಾಗೆ ಕಪ್ಪಗೆ ನುಣ್ಣಗೆ ಆಗಿತ್ತು. ಇನ್ನೂರು ಪುಟವನ್ನು ಹಂಡೆಯ ಒಲೆಗೆ ಹಾಕಿದೆ. ಹೊಸದಾಗಿ ಬರೆದ ಪುಸ್ತಕದಲ್ಲಿ ರಾಣಿಗೆ ಕತ್ತಿಯಿಲ್ಲ, ಕಂಬವಿತ್ತು. ಅವಳು ಮೂರು ದಿನ ಕಂಬಕ್ಕೆ ಮಾತು ನಿಲ್ಲಿಸಿದಳು. ಮುದಿ ಪಾಳೇಗಾರ ಹಸಿವು ತಾಳಲಾರದೆ ಸೋತ. ಈ ಸಲ ನಾನು ಮರೆಯದೆ ಊಟದ ವಿವರವನ್ನೂ ತುಂಬಿದ್ದೆ. ಮಾವ ಹೊರಗೆ ಹಸಿದು ಕೂತಿರುವಾಗ ರಾಣಿ ಒಳಗೆ ಬೆಳ್ಳಿಯ ತಟ್ಟೆಯಲ್ಲಿ ಅನ್ನ ಕಲಸಿಕೊಂಡು, ಒಂದೊಂದೇ ತುತ್ತನ್ನು ಗಟ್ಟಿ ಮನಸ್ಸಿನಿಂದ ನುಂಗುತ್ತಾಳೆ. ಅದು ಬಹಳ ಚೆನ್ನಾಗಿ ಬಂದಿದೆ ಎಂದು ನನಗೆ ಹೆಮ್ಮೆ.

ಎಂಬತ್ತಾರರ ಅವರೆಕಾಯಿ ಕಾಲದಲ್ಲಿ ಆ ಅಧ್ಯಾಯವನ್ನು ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಬೆಳಗಿನ ಬಿಸಿಲಲ್ಲಿ ತೊಟ್ಟಿಯ ಅಂಚಿಗೆ ಕೂತು, ನೆನೆಹಾಕಿದ ಅವರೆಕಾಳನ್ನು ಬೆರಳಿನಲ್ಲಿ ಹಿಸುಕಿ ಬೇಳೆಯನ್ನು ಬಟ್ಟಲಿಗೆ ಹಾರಿಸುತ್ತ ಕೇಳಿದಳು. ಕಂಬ ಬಂದಾಗ ಕೈ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ರಾಣಿ ಉಣ್ಣುವ ಜಾಗಕ್ಕೆ ಬಂದೆ. ನಾನು ಧ್ವನಿ ಏರಿಸಿ ಓದುತ್ತಿದ್ದೆ. ಅವ್ವ ನಡುವೆಯೇ ಅಂದಳು:

"ಉಂಡ್ಬುಟ್ಲಾ?"

"ಯಾರು?"

"ನಿನ್ ರಾಣಿ ಕಣ್ಲಾ. ಮಾವ ಉಣ್ದೆ ಕೂತವ್ನೆ, ಸೊಸೆ ಎಂಗ್ಲಾ ಉಂಡಾಳು? ಅರಮನೆ ಆದ್ರೇನು, ಗುಡ್ಲಾದ್ರೇನು, ಉಣ್ಣಾಕೆ ಆಯ್ತದಾ?"

ನಾನು ಓದುವುದನ್ನು ನಿಲ್ಲಿಸಿದೆ.

"ಅವ್ವ, ನೀನು ಆ ಮೂರ್ ದಿನ..."

"ನೀರ್ ಕುಡಿದಿದ್ದೆ," ಅಂದಳು, ಬೇಳೆ ಹಿಸುಕುತ್ತ. "ನಿಮ್ ತಾ‌ತಂಗಾದ್ರೆ ಬಾಳೆಹಣ್ಣಿತ್ತು. ಅವರ್‌ಗೇನು ಅಸಿವು ತಡೆಯಕ್ಕೆ ಆಗ್ದೆ ಬಂದ್ರು ಅನ್ಕಂಡಿದ್ದೀಯಾ? ಅವರು ಅಲ್ಲಿ ಕೂತು ನನ್ ಕಂಚಿನ ಗಂಗಳ ತೊಳೆಯೋ ಸದ್ದು ಕೇಳ್ತಿದ್ರು. ದಿನಾ ಕೇಳ್ತಿದ್ರು ಅವರು. ಸೊಸೆ ಉಂಡ್ಲೋ ಇಲ್ವೋ ಅಂತ ಕೇಳಂಗಿಲ್ವಲ್ಲ, ಅದಕ್ಕೆ ಸದ್ದು ಕೇಳೋರು. ಮಂಗಳವಾರ ಸದ್ದಿಲ್ಲ. ಬುಧವಾರ ಸದ್ದಿಲ್ಲ. ಬುಧವಾರ ಆದ್ಮೇಲೆ ಅವರೂ ಅಣ್ಣು ಮುಟ್ಲಿಲ್ಲ, ನೀನು ನೋಡ್ಲಿಲ್ವಾ?"

ನೋಡಿದ್ದೆ. ಗೊನೆಯಲ್ಲಿ ಹಣ್ಣಿದ್ದದ್ದನ್ನೂ, ಕತ್ತು ಓರೆಯಾಗಿದ್ದದ್ದನ್ನೂ ನೋಡಿದ್ದೆ. ಅದೇ ಮೂರು ದಿನ ಅವಳ ಕೈಯಿಂದ ಹೊತ್ತು ಹೊತ್ತಿಗೆ ಬಿಸಿ ಮುದ್ದೆ ಇಸಿದುಕೊಂಡು ಎರಡನೇ ಸಲ ಸಾರು ಕೇಳಿ ಹಾಕಿಸಿಕೊಂಡು ಉಂಡವನು ನಾನು. ಬಾಯಿಗೆ ಬಂದದ್ದು ಹದಿಮೂರು ವರ್ಷದ ಹಿಂದಿನ ಮಾತು.

"ಅವ್ವ, ಫೇಲಾದಾಗ ನಾನು ತಾತಂಗೆ ನಿನ್ ಮಾತ ತಿರುಚಿ ಯೋಳ್ಬುಟ್ಟೆ."

"ಬಾಗ್ಲ ಇಂದೇನೆ ನಿಂತಿದ್ದೆ ಕಣ್ಲಾ ನಾನು."

ಅವಳು ಒಂದು ಕಾಳನ್ನು ಹಿಸುಕಿದಳು. ಬೇಳೆ ಬಟ್ಟಲು ತಪ್ಪಿ ನನ್ನ ನೋಟ್‌ಬುಕ್ಕಿನ ಮೇಲೆ ಬಿತ್ತು. ಕೈ ಚಾಚಿ ಅದನ್ನು ಎತ್ತಿ ಬಟ್ಟಲಿಗೆ ಹಾಕಿಕೊಂಡಳು. ಆಮೇಲೆ, ಬಯ್ಗುಳವೂ ಅಲ್ಲದ ನಗುವೂ ಅಲ್ಲದ ದನಿಯಲ್ಲಿ ಅಂದಳು:

"ಈಗ್ಲಾದ್ರೂ ನಾನ್ ಯೋಳಿದ್ದ ಯೋಳಿದಂಗೆ ಬರಿ."

ಅವತ್ತೇ ಅಲ್ಲೇ ಕೂತು ಆ ಪುಟವನ್ನು ಹೊಡೆದುಹಾಕಿ ಬರೆದೆ. ರಾಣಿ ಉಣ್ಣಲಿಲ್ಲ. ಬೆಳ್ಳಿಯ ತಟ್ಟೆ ತೊಳೆಯುವ ಸದ್ದಿಗಾಗಿ ಮುದಿ ಪಾಳೇಗಾರ ಕತ್ತು ಓರೆ ಮಾಡಿಕೊಂಡು ಕೂತ. ಜನ ಯಾವ ಶಾಸನದಲ್ಲಿ ಸಿಕ್ಕಿತು ಎಂದು ಕೇಳುವುದು ಆ ಒಂದು ಪುಟವನ್ನೇ. ಬರೆದು ಮುಗಿಸಿ ಓದಿದಾಗ ಅವ್ವ, "ಊಂ, ಈಗ ಸರಿ," ಎಂದು ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು, ಕಂಬದ ಮೇಲೆ ಕೈ ಇಡದೆ, ನನ್ನ ಮುಖ ನೋಡಿಕೊಂಡು ಹೇಳಿದಳು:

"ನಾಗು ಬಸ್ಸಿಳಿದು ಬತ್ತಾ ಇರ್ತಾಳೆ. ಓಗು, ಇವತ್ತು ಇತಕಬೇಳೆ ಸಾರು ಅಂತ ಯೋಳು."

ನಾನು ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಅಕ್ಷರ ಬಿಡದೆ ಹೇಳಿದೆ.

ಆ ತೊಟ್ಟಿಮನೆಯನ್ನು ಕೆಡವಿ ಅದೇ ಜಾಗದಲ್ಲಿ ನಾನೇ ತಾರಸಿ ಮನೆ ಕಟ್ಟಿದ್ದೇನೆ. ಅವ್ವ ಅದರಲ್ಲಿ ಹನ್ನೊಂದು ವರ್ಷ ಇದ್ದು ಹೋದಳು. ಈಗ ನನ್ನಲ್ಲಿ ಇರುವುದನ್ನು ಎಣಿಸಿದರೆ: ನನ್ನ ಕೈಯಿಂದ ಎದ್ದ ಮನೆಗಳು ಅರವತ್ತೆರಡು, ಬರೆದ ಕಾದಂಬರಿ ನಾಲ್ಕು, ಪಾಸು ಮಾಡಿದ ತರಗತಿ ಏಳು. ಸವೆದ ಕರಣೆ ಮೂರು, ಸವೆಯದ್ದು ಒಂದು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ತಂಗಿ ಒಬ್ಬಳು. ಹೊಸ ಮನೆಯ ಹಜಾರದ ನಡುವೆ, ಯಾವ ಭಾರವೂ ಇಲ್ಲದೆ ನಿಂತಿರುವ ಹಲಸಿನ ಕಂಬ ಒಂದು. ಕಂಚಿನ ಗಂಗಳ ಎರಡು, ತಾತನದು ಮತ್ತು ಅವ್ವನದು.